ಕೂಗುವ ಕಾವಲುಗಾರನ ಬಾಯಿ ಮುಚ್ಚಿಸಿದ ಕಥೆ

2008ರ ಮಾತು. ನಮ್ಮ ಮನೆಗೆ ಹೊಸ ಕಂಪ್ಯೂಟರ್ ಬಂದು ಒಂದು ವಾರವಾಗಿತ್ತು. ಅದರಲ್ಲಿದ್ದುದು ಆಗಿನ ಹೊಸ ಆವೃತ್ತಿಯಾದ ವಿಂಡೋಸ್ ವಿಸ್ತಾ. ಮಕ್ಕಳು ಆಟದ ಸಿ.ಡಿ. ಹಾಕಿದರೂ, ನಾವು ಗಡಿಯಾರದ ಸಮಯ ತಿದ್ದಲು ಹೋದರೂ ಪರದೆ ಇದ್ದಕ್ಕಿದ್ದಂತೆ ಮಂಕಾಗಿ ಮಧ್ಯದಲ್ಲಿ ಒಂದು ಚೌಕ ಎದ್ದು ನಿಲ್ಲುತ್ತಿತ್ತು. ಮುಂದುವರಿಯಲು ನಿಮ್ಮ ಅನುಮತಿ ಬೇಕು ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಪ್ರಶ್ನೆ ಅರ್ಥವಾಗುತ್ತಿತ್ತು, ಯಾವ ಉತ್ತರ ಸರಿಯೆಂಬುದು ಮಾತ್ರ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗನನ್ನು ಕರೆಸಿದೆವು. ಆತ ಎಲ್ಲೋ ಹೋಗಿ ಒಂದು ಟಿಕ್ ಗುರುತು ತೆಗೆದು, ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ, "ಇನ್ನು ಅದರ ಕಿರಿಕಿರಿ ಇರೋದಿಲ್ಲ ಸರ್" ಎಂದು ಹೇಳಿ ಹೊರಟುಹೋದ. ನಾವು ಅವನಿಗೆ ಚಹಾ ಕೊಟ್ಟು, ಧನ್ಯವಾದ ಹೇಳಿ ಕಳುಹಿಸಿದೆವು.

ಕೆಲವು ತಿಂಗಳ ಬಳಿಕ ಒಂದು ಪೆನ್ ಡ್ರೈವ್ ಹಾಕಿದಾಗ ವೈರಸ್ ಬಂತು. ಫೋಲ್ಡರ್‌ಗಳು ಒಂದೊಂದಾಗಿ ಕಾಣೆಯಾದವು. ಮತ್ತೆ ಅದೇ ಹುಡುಗ ಬಂದ. ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ ಎಂದ. ಮನೆಯ ಮಗಳ ನಿಕಾಹ್‌ನ ಫೋಟೋಗಳು, ಹಿರಿಯರೊಬ್ಬರು ಬರೆದಿಟ್ಟ ನೆನಪುಗಳು ಎಲ್ಲವೂ ಹೋದವು. ಆ ಎಚ್ಚರಿಕೆಯನ್ನು ಹಾಗೆಯೇ ಬಿಟ್ಟಿದ್ದರೆ ವೈರಸ್ ಬರುತ್ತಲೇ ಇರಲಿಲ್ಲ ಎಂದು ನಾವು ಖಂಡಿತವಾಗಿ ಹೇಳಲಾರೆವು. ಪ್ರಶ್ನೆ ಬಂದಿದ್ದರೂ ಪ್ರಾಯಶಃ ಎಂದಿನಂತೆ ಒಪ್ಪಿಗೆಯನ್ನೇ ಒತ್ತುತ್ತಿದ್ದೆವು. ಆದರೆ ಕೇಳುವವನ ಬಾಯಿಯನ್ನೇ ಮುಚ್ಚಿಸಿದ್ದೆವು ಎಂಬುದಂತೂ ನಿಜ. ಇದರಲ್ಲಿ ತಪ್ಪು ಯಾರದು? ಬಾಯಿ ಮುಚ್ಚಿಸಿದ ನಮ್ಮದೇ, ಅಥವಾ ಹೊತ್ತುಗೊತ್ತಿಲ್ಲದೆ ಕೂಗುತ್ತಿದ್ದ ಆ ಕಾವಲುಗಾರನದೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಕಂಪ್ಯೂಟರ್‌ಗಿಂತ ಬಹಳ ಹಿಂದಕ್ಕೆ ಹೋಗಬೇಕು.

ಉಗಿಯ ಸದ್ದು ಸಹಿಸದವನು

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1830ರ ಡಿಸೆಂಬರ್ 25ರಂದು 'ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್' ಎಂಬ ಉಗಿಬಂಡಿ ಪ್ರಯಾಣಿಕರನ್ನು ಹೊತ್ತು ಓಡಲಾರಂಭಿಸಿತು. ಉಗಿಯಂತ್ರದ ಬಾಯ್ಲರ್‌ನಲ್ಲಿ ಒತ್ತಡ ಮಿತಿ ಮೀರಿದಾಗ ಉಗಿಯನ್ನು ತಾನಾಗಿ ಹೊರಬಿಡುವ ಸುರಕ್ಷಾ ಕವಾಟವೊಂದಿರುತ್ತದೆ. ಉಗಿ ಹೊರಬರುವಾಗ ಜೋರಾಗಿ ಸದ್ದಾಗುತ್ತದೆ. 1831ರ ಜೂನ್ 17ರಂದು, ಬೆಂಕಿ ನೋಡಿಕೊಳ್ಳುತ್ತಿದ್ದ ಕೆಲಸಗಾರ ಆ ಸದ್ದಿನಿಂದ ಬೇಸತ್ತು ಕವಾಟದ ಸನ್ನೆಯನ್ನು ಅದುಮಿ ಹಿಡಿದ ಎಂದು ಹೇಳಲಾಗುತ್ತದೆ. ಸದ್ದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಬಾಯ್ಲರ್ ಸಿಡಿಯಿತು. ಆ ಕೆಲಸಗಾರ ಪ್ರಾಣ ಕಳೆದುಕೊಂಡ.

ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬ ತಿಳಿಗೇಡಿಯ ಕಥೆಯಾಗಿ ಹೇಳುತ್ತಾರೆ. ಆದರೆ ಅದಕ್ಕೂ ಎರಡು ವರ್ಷ ಮೊದಲು, 1829ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ಸಮೀಪದ ರೈನ್‌ಹಿಲ್‌ನಲ್ಲಿ ಉಗಿಬಂಡಿಗಳ ಸ್ಪರ್ಧೆ ನಡೆದಿತ್ತು. ಸ್ಟೀಫನ್ಸನ್‌ನ 'ರಾಕೆಟ್' ಗೆದ್ದ ಸ್ಪರ್ಧೆ ಅದು. ಅದರ ನಿಯಮಗಳಲ್ಲಿ ಒಂದು ಹೀಗಿತ್ತು: ಪ್ರತಿ ಬಂಡಿಗೂ ಎರಡು ಸುರಕ್ಷಾ ಕವಾಟಗಳಿರಬೇಕು, ಅವುಗಳಲ್ಲಿ ಒಂದು ಚಾಲಕನ ಕೈಗೆ ಸಿಗದಂತಿರಬೇಕು. ಅಂದರೆ ಸದ್ದಿನಿಂದ ಬೇಸತ್ತ ಮನುಷ್ಯ ಒಂದಲ್ಲ ಒಂದು ದಿನ ಕವಾಟವನ್ನು ಅದುಮಿಯೇ ಅದುಮುತ್ತಾನೆ ಎಂದು ನಿಯಮ ಬರೆದವರಿಗೆ ಗೊತ್ತಿತ್ತು. ಮನುಷ್ಯನ ಸ್ವಭಾವವನ್ನು ಬೈಯುತ್ತಾ ಕೂರುವ ಬದಲು ಅವರು ಯಂತ್ರವನ್ನು ತಿದ್ದಲು ಹೊರಟರು. ಕಂಪ್ಯೂಟರ್ ಜಗತ್ತು ಈ ಪಾಠವನ್ನು ಮತ್ತೊಮ್ಮೆ ಕಲಿಯಲು ಹಲವು ದಶಕಗಳನ್ನೇ ತೆಗೆದುಕೊಂಡಿತು.

ಎಲ್ಲರೂ ಯಜಮಾನರಾದ ಮನೆ

ದೊಡ್ಡ ಕಂಪ್ಯೂಟರ್‌ಗಳನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ ಒಬ್ಬನ ಕೆಲಸವನ್ನು ಇನ್ನೊಬ್ಬ ಕೆಡಿಸದಂತೆ ನೋಡಿಕೊಳ್ಳುವುದು ಅನಿವಾರ್ಯವಾಗಿತ್ತು. ಯೂನಿಕ್ಸ್ ವ್ಯವಸ್ಥೆಯಲ್ಲಿ 'ರೂಟ್' ಎಂಬ ಒಬ್ಬ ಯಜಮಾನನಿಗೆ ಮಾತ್ರ ಸರ್ವಾಧಿಕಾರ. ಉಳಿದವರಿಗೆ ಅವರವರ ಕೋಣೆಯ ಬೀಗದ ಕೈ ಮಾತ್ರ. 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು ಕಂಪ್ಯೂಟರ್ ರಕ್ಷಣೆಯ ಕುರಿತು ಬರೆದ ಪ್ರಬಂಧ ಇಂದಿಗೂ ಪಾಠವಾಗಿದೆ. ಯಾವುದೇ ತಂತ್ರಾಂಶಕ್ಕೆ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ ಎಂಬುದು ಅವರ ತತ್ವಗಳಲ್ಲೊಂದು. ರಕ್ಷಣೆಯ ಏರ್ಪಾಡು ಬಳಸುವವನಿಗೆ ಸಹಜವಾಗಿ ಒಗ್ಗುವಂತಿರಲಿ, ಇಲ್ಲವಾದರೆ ಅವನು ಅದನ್ನು ಸರಿಯಾಗಿ ಬಳಸುವುದಿಲ್ಲ ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಬಹಳ ಮಂದಿ ಮರೆತರು.

ಮನೆಬಳಕೆಯ ಕಂಪ್ಯೂಟರ್ ಬಂದಾಗ ಮೊದಲನೆಯ ಮಾತನ್ನೂ ಮರೆಯಲಾಯಿತು. ಡಾಸ್ ಇದ್ದ ಯಂತ್ರಗಳಿಗಾಗಲಿ, ವಿಂಡೋಸ್ 95 ಮತ್ತು 98ಕ್ಕಾಗಲಿ ಯಜಮಾನ ಮತ್ತು ಅತಿಥಿ ಎಂಬ ಭೇದವೇ ಇರಲಿಲ್ಲ. ಒಬ್ಬನೇ ಬಳಸುವ ಯಂತ್ರ, ಹೊರಜಗತ್ತಿನ ಸಂಪರ್ಕವೂ ಇಲ್ಲ, ಹಾಗಿರುವಾಗ ಬೀಗವೇಕೆ ಎಂಬುದು ಅಂದಿನ ಯೋಚನೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಭೇದ ಇತ್ತಾದರೂ ಕಂಪ್ಯೂಟರ್ ಸಿದ್ಧಪಡಿಸುವಾಗ ತೆರೆಯುವ ಮೊದಲ ಖಾತೆಯೇ ಅಡ್ಮಿನಿಸ್ಟ್ರೇಟರ್ ಖಾತೆಯಾಗಿರುತ್ತಿತ್ತು. ಮನೆಯವರೆಲ್ಲ ಅದನ್ನೇ ಬಳಸಿದರು. ತಂತ್ರಾಂಶ ಬರೆಯುವವರೂ ಬಳಕೆದಾರನಿಗೆ ಸರ್ವಾಧಿಕಾರ ಇದ್ದೇ ಇರುತ್ತದೆಂದು ನಂಬಿ ಬರೆದರು. ಒಂದು ಸಣ್ಣ ಆಟ ಕೂಡ ಇಡೀ ಮನೆಯ ಬೀಗದ ಗೊಂಚಲನ್ನು ಕೇಳುವ ಸ್ಥಿತಿ ಬಂತು. ಒಳಬಂದ ವೈರಸ್‌ಗೂ ಅದೇ ಗೊಂಚಲು ಸಿಗುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರೇಮಪತ್ರದ ದಿನಗಳು

1995ರಲ್ಲಿ ವರ್ಡ್ ಕಡತಗಳ ಮೂಲಕ ಹರಡುವ 'ಕಾನ್ಸೆಪ್ಟ್' ಎಂಬ ವೈರಸ್ ಕಾಣಿಸಿಕೊಂಡಿತು. ಕಡತದೊಳಗೆ ಅಡಗಿರುವ ಮ್ಯಾಕ್ರೋ ಎಂಬ ಪುಟ್ಟ ಆದೇಶಗಳ ಸರಣಿಯೇ ಅದರ ವಾಹನ. ಆ ಬಳಿಕ ವರ್ಡ್, ಇಂತಹ ಕಡತ ತೆರೆಯುವ ಮೊದಲು ಎಚ್ಚರಿಸಲಾರಂಭಿಸಿತು. ಆದರೆ ವರ್ಡ್ 97ರ ಆ ಎಚ್ಚರಿಕೆಯ ಚೌಕದಲ್ಲೇ, ಇಂತಹ ಕಡತ ಬಂದಾಗಲೆಲ್ಲ ಕೇಳಬೇಕೆಂಬ ಟಿಕ್ ಗುರುತನ್ನು ತೆಗೆದುಹಾಕುವ ಸೌಲಭ್ಯವೂ ಇತ್ತು. ಎಚ್ಚರಿಸುವವನೇ ತನ್ನ ಬಾಯಿಗೆ ಬಟ್ಟೆ ತುರುಕುವ ದಾರಿಯನ್ನೂ ತೋರಿಸಿದಂತಾಯಿತು.

1999ರ ಮಾರ್ಚ್‌ನಲ್ಲಿ 'ಮೆಲಿಸ್ಸಾ' ಬಂತು. ಅದು ಇಮೇಲ್‌ನಲ್ಲಿ ಬಂದ ವರ್ಡ್ ಕಡತ. ತೆರೆದವನ ವಿಳಾಸ ಪಟ್ಟಿಯ ಮೊದಲ ಐವತ್ತು ವಿಳಾಸಗಳಿಗೆ ಅದು ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು. ನಮ್ಮ ವಿಷಯಕ್ಕೆ ಮುಖ್ಯವಾದುದು ಅದರ ಇನ್ನೊಂದು ಗುಣ. ಒಮ್ಮೆ ಒಳಗೆ ಬಿಟ್ಟುಕೊಂಡರೆ ಅದು ವರ್ಡ್‌ನ ಎಚ್ಚರಿಕೆಯ ಮಟ್ಟವನ್ನೇ ಕೆಳಗಿಳಿಸುತ್ತಿತ್ತು. 2008ರ ನವೆಂಬರ್‌ನಲ್ಲಿ ಪತ್ತೆಯಾದ 'ಕಾನ್‌ಫಿಕರ್' ಕೂಡ ವಿಂಡೋಸ್‌ನ ಅಪ್‌ಡೇಟ್ ಮತ್ತು ರಕ್ಷಣಾ ಸೇವೆಗಳನ್ನು ನಿಲ್ಲಿಸುತ್ತಿತ್ತು. ಕಳ್ಳ ಮೊದಲು ಮಾಡುವ ಕೆಲಸ ನಾಯಿಯ ಬಾಯಿ ಕಟ್ಟುವುದು. ನಾವು ಬೇಸರದಿಂದ ಮಾಡುವ ಕೆಲಸವೂ ಕಳ್ಳ ಉದ್ದೇಶಪೂರ್ವಕ ಮಾಡುವ ಕೆಲಸವೂ ಒಂದೇ ಆಗಿದೆ ಎಂಬುದು ಯೋಚಿಸಬೇಕಾದ ಸಂಗತಿ.

2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಿಂದ ಹೊರಟ 'ಐ ಲವ್ ಯೂ' ಎಂಬ ಪತ್ರ ಜಗತ್ತನ್ನೇ ಸುತ್ತಿತು. ಜೊತೆಗಿದ್ದ ಕಡತ ಸಾದಾ ಬರಹದಂತೆ ಕಾಣುತ್ತಿತ್ತು, ವಾಸ್ತವದಲ್ಲಿ ಅದೊಂದು ಪ್ರೋಗ್ರಾಮ್. ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ವಿಂಡೋಸ್ ತಾನಾಗಿಯೇ ಮರೆಮಾಡುತ್ತಿದ್ದುದರಿಂದ ಬಹಳ ಜನ ಮೋಸಹೋದರು. ಪರದೆ ಚಂದ ಕಾಣಲಿ ಎಂದು ಮುಚ್ಚಿಟ್ಟ ಆ ಅಕ್ಷರಗಳೇ ನಿಜವಾದ ಎಚ್ಚರಿಕೆಯಾಗಿದ್ದವು. ಫಿಲಿಪ್ಪೀನ್ಸ್‌ನಲ್ಲಿ ಆಗ ಇದಕ್ಕೆ ತಕ್ಕ ಕಾನೂನೇ ಇರಲಿಲ್ಲ. ಮರುತಿಂಗಳು ಕಾನೂನು ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಗಾದೆ ನೆನಪಾಗುತ್ತದೆ.

2001ರಲ್ಲಿ ಕೋಡ್ ರೆಡ್, ನಿಮ್ಡಾ ಎಂಬ ಹುಳುಗಳು ಹಾವಳಿ ಎಬ್ಬಿಸಿದ ಬಳಿಕ 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ನೌಕರರಿಗೆ ಪತ್ರ ಬರೆದು, ಇನ್ನು ಮುಂದೆ ಹೊಸ ಸೌಲಭ್ಯಗಳಿಗಿಂತ ಸುರಕ್ಷೆಗೇ ಆದ್ಯತೆ ಎಂದರು. 2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿಗೆ ಬಂದ ಎರಡನೆಯ ಸರ್ವಿಸ್ ಪ್ಯಾಕ್ ಫೈರ್‌ವಾಲ್ ಅನ್ನು ತಾನಾಗಿ ಚಾಲೂ ಮಾಡಿತು, ಅಂತರ್ಜಾಲದಿಂದ ಇಳಿಸಿಕೊಂಡ ಕಡತವನ್ನು ಗುರುತಿಟ್ಟು, ತೆರೆಯುವ ಮೊದಲು ಕೇಳಿತು.

ನಮ್ಮ ಊರುಗಳಲ್ಲಿ ಇದರ ಪರಿಣಾಮ ಬೇರೆಯೇ ಆಯಿತು. ಅಸಲಿ ವಿಂಡೋಸ್‌ಗೆ ಹಣ ಕೊಡಲಾಗದ ಮನೆಗಳಿಗೆ ನಕಲಿ ಪ್ರತಿ ಬರುತ್ತಿತ್ತು. ಅಪ್‌ಡೇಟ್ ಮಾಡಿದರೆ ನಕಲಿಯೆಂಬ ಸೂಚನೆ ಪರದೆಯ ಮೇಲೆ ಬರುತ್ತದೆ ಎಂಬ ಭಯದಿಂದ ಅಪ್‌ಡೇಟನ್ನೇ ನಿಲ್ಲಿಸಿ ಕೊಡುವುದು ರೂಢಿಯಾಗಿತ್ತು. 'ಕ್ರ್ಯಾಕ್' ಹಾಕಲು ಆಂಟಿವೈರಸ್ ಆರಿಸಬೇಕು. ಡಯಲ್ ಅಪ್ ಸಂಪರ್ಕವಿದ್ದವರಿಗೆ ಫೋನ್ ಬಿಲ್ಲಿನ ಚಿಂತೆ. ಎಚ್ಚರಿಕೆಯನ್ನು ಆರಿಸುವುದು ಇಲ್ಲಿ ಬರೀ ಬೇಸರದಿಂದ ಹುಟ್ಟಿದ್ದಲ್ಲ, ಬಡತನದಿಂದಲೂ ಹುಟ್ಟಿದ್ದು.

ಕಪ್ಪು ಕನ್ನಡಕದ ಕಾವಲುಗಾರ

2007ರ ಜನವರಿ 30ರಂದು ವಿಸ್ತಾ ಮಾರುಕಟ್ಟೆಗೆ ಬಂತು. ಅದರಲ್ಲಿ 'ಯೂಸರ್ ಅಕೌಂಟ್ ಕಂಟ್ರೋಲ್' ಎಂಬ ಹೊಸ ವ್ಯವಸ್ಥೆಯಿತ್ತು. ಯಜಮಾನನ ಖಾತೆಯಲ್ಲಿದ್ದರೂ ತಂತ್ರಾಂಶಗಳು ಸಾಮಾನ್ಯ ಅಧಿಕಾರದಿಂದಲೇ ನಡೆಯಬೇಕು, ಹೆಚ್ಚಿನ ಅಧಿಕಾರ ಬೇಕಾದಾಗ ಕೇಳಬೇಕು ಎಂಬುದು ಅದರ ತಿರುಳು. ತತ್ವ ಸರಿಯಾಗಿಯೇ ಇತ್ತು. ಪರದೆ ಮಂಕಾಗುತ್ತಿದ್ದುದಕ್ಕೂ ಕಾರಣವಿತ್ತು: ಆ ಹೊತ್ತಿನಲ್ಲಿ ಬೇರೆ ಯಾವ ತಂತ್ರಾಂಶವೂ ನಮ್ಮ ಪರವಾಗಿ ಒಪ್ಪಿಗೆ ಒತ್ತದಂತೆ ಅದು ತಡೆಯುತ್ತಿತ್ತು. ನಮ್ಮ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಜಗತ್ತು ನಕ್ಕಿತು. ಅದೇ ವರ್ಷ ಆಪಲ್ ಕಂಪೆನಿಯ ಜಾಹೀರಾತೊಂದರಲ್ಲಿ ಕಪ್ಪು ಕನ್ನಡಕದ ಅಂಗರಕ್ಷಕನೊಬ್ಬ ಪ್ರತಿ ಮಾತಿಗೂ ಅಡ್ಡ ಬಂದು 'ರದ್ದು ಮಾಡಲೇ, ಬಿಡಲೇ' ಎಂದು ಕೇಳುತ್ತಿದ್ದ. ಇವನನ್ನು ಆರಿಸಬಹುದು, ಆದರೆ ಹಾಗೆ ಮಾಡಿದರೆ ಯಾವ ಎಚ್ಚರಿಕೆಯೂ ಸಿಗುವುದಿಲ್ಲವಲ್ಲ ಎಂದು ಆ ಜಾಹೀರಾತಿನ ಪಿ.ಸಿ. ಪಾತ್ರಧಾರಿ ಅಸಹಾಯಕನಾಗಿ ಹೇಳುತ್ತಾನೆ. ತಮಾಷೆಯ ಮಾತಾದರೂ ಸಮಸ್ಯೆಯ ಗಂಟು ಅದರಲ್ಲೇ ಇದೆ.

2008ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಮೈಕ್ರೋಸಾಫ್ಟ್‌ನ ಅಧಿಕಾರಿ ಡೇವಿಡ್ ಕ್ರಾಸ್ ಒಂದು ಸತ್ಯ ಬಿಚ್ಚಿಟ್ಟರು. ಬಳಕೆದಾರರಿಗೆ ಕಿರಿಕಿರಿಯಾಗಲೆಂದೇ ಈ ವ್ಯವಸ್ಥೆ ತಂದೆವು ಎಂದರು. ಅವರ ತರ್ಕ ಹೀಗಿತ್ತು: ತಂತ್ರಾಂಶ ತಯಾರಕರು ವಿನಾಕಾರಣ ಸರ್ವಾಧಿಕಾರ ಕೇಳುವ ಅಭ್ಯಾಸ ಬಿಡಬೇಕು. ಅವರ ಗ್ರಾಹಕರಿಗೆ ತೊಂದರೆಯಾದರೆ ಗ್ರಾಹಕರೇ ಅವರನ್ನು ಒತ್ತಾಯಿಸುತ್ತಾರೆ. ಈ ಉಪಾಯ ಸ್ವಲ್ಪ ಫಲಿಸಿತು ಕೂಡ. ಅನುಮತಿ ಕೇಳುತ್ತಿದ್ದ ತಂತ್ರಾಂಶ ಮತ್ತು ಕೆಲಸಗಳ ಸಂಖ್ಯೆ 2007ರ ಆಗಸ್ಟ್‌ನಿಂದ 2008ರ ಆಗಸ್ಟ್‌ಗೆ ಸುಮಾರು 7.75 ಲಕ್ಷದಿಂದ 1.68 ಲಕ್ಷಕ್ಕೆ ಇಳಿಯಿತೆಂದು ಮೈಕ್ರೋಸಾಫ್ಟ್ ಪ್ರಕಟಿಸಿತು.

ಆದರೆ ಇದರ ಬೆಲೆ ತೆತ್ತವರು ಯಾರು? ತಂತ್ರಾಂಶ ತಯಾರಕ ಮತ್ತು ವಿಂಡೋಸ್ ತಯಾರಕರ ನಡುವಿನ ಜಗಳದಲ್ಲಿ ಮನೆಯಲ್ಲಿ ಕುಳಿತ ನಮ್ಮನ್ನು ಸಾಕ್ಷಿಯಾಗಿ ಎಳೆಯಲಾಯಿತು. ನಮಗೆ ತಿಳಿಯದ ವಿಷಯದಲ್ಲಿ ತೀರ್ಪು ಕೇಳಲಾಯಿತು. ಒಪ್ಪಿಗೆ ಒತ್ತಿದ ಕೂಡಲೇ ಮುಂದಿನ ಅನಾಹುತದ ಹೊಣೆ ನಮ್ಮದಾಯಿತು. ಎಚ್ಚರಿಸುವುದು ಬೇರೆ, ಹೊಣೆ ಜಾರಿಸುವುದು ಬೇರೆ. ಅವೆರಡರ ನಡುವಿನ ಗೆರೆ ಇಲ್ಲಿ ಅಳಿಸಿಹೋಗಿತ್ತು.

2009ರಲ್ಲಿ ಬಂದ ವಿಂಡೋಸ್ 7ರಲ್ಲಿ ಎಚ್ಚರಿಕೆಗೆ ನಾಲ್ಕು ಮಟ್ಟಗಳನ್ನಿಟ್ಟು, ಬೇಕಾದಷ್ಟು ಏರಿಸಿ ಇಳಿಸುವ ಸೌಲಭ್ಯ ಕೊಡಲಾಯಿತು. ಅದರ ಪರೀಕ್ಷಾರ್ಥ ಆವೃತ್ತಿಯಲ್ಲಿ ಒಂದು ಸ್ವಾರಸ್ಯದ ಲೋಪವನ್ನು ಇಬ್ಬರು ತಂತ್ರಜ್ಞರು ತೋರಿಸಿಕೊಟ್ಟರು. ಎಚ್ಚರಿಕೆಯ ಮಟ್ಟವನ್ನು ಸೊನ್ನೆಗಿಳಿಸುವಾಗ ಮಾತ್ರ ಯಾವ ಎಚ್ಚರಿಕೆಯೂ ಬರುತ್ತಿರಲಿಲ್ಲ! ಮೊದಲು ಇದು ಲೋಪವೇ ಅಲ್ಲವೆಂದು ವಾದಿಸಿದ ಕಂಪೆನಿ 2009ರ ಫೆಬ್ರವರಿಯಲ್ಲಿ ಮಣಿದು ಅದನ್ನು ಸರಿಪಡಿಸಿತು.

ಜನರು ತಿಳಿಗೇಡಿಗಳೇ?

ಎಷ್ಟು ಹೇಳಿದರೂ ಜನ ಕೇಳುವುದಿಲ್ಲ ಎಂಬುದು ತಜ್ಞರ ಹಳೆಯ ದೂರು. 2009ರಲ್ಲಿ ಮೈಕ್ರೋಸಾಫ್ಟ್‌ನದೇ ಸಂಶೋಧಕ ಕಾರ್ಮಕ್ ಹರ್ಲಿ ಈ ದೂರನ್ನು ತಲೆಕೆಳಗು ಮಾಡಿದರು. ಸುರಕ್ಷಾ ಸಲಹೆಗಳನ್ನು ಜನ ತಿರಸ್ಕರಿಸುವುದು ಮೂರ್ಖತನವಲ್ಲ, ಲೆಕ್ಕಾಚಾರ ಎಂದು ಅವರು ವಾದಿಸಿದರು. ವೆಬ್‌ಸೈಟಿನ ಪ್ರಮಾಣಪತ್ರ ಸರಿಯಿಲ್ಲವೆಂದು ಬರುತ್ತಿದ್ದ ಎಚ್ಚರಿಕೆಗಳು ಹೆಚ್ಚುಕಡಿಮೆ ಎಲ್ಲವೂ ಸುಳ್ಳಾಗಿರುವಾಗ, ಪ್ರತಿಯೊಂದನ್ನೂ ಓದಿ ಯೋಚಿಸುವವನು ನಷ್ಟವನ್ನೇ ಮಾಡಿಕೊಳ್ಳುತ್ತಾನೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯಲ್ಲಿ ನಾವು ಹುಡುಗನನ್ನು ಬೈಯುತ್ತೇವೆ, ಊರವರನ್ನಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಊರವರನ್ನೇ ಬೈಯುತ್ತಾ ಬಂದಿದ್ದೇವೆ.

2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡೂವರೆ ಕೋಟಿಗೂ ಹೆಚ್ಚು ಎಚ್ಚರಿಕೆಗಳನ್ನು ಪರಿಶೀಲಿಸಿತು. ಪ್ರಮಾಣಪತ್ರದ ಎಚ್ಚರಿಕೆಯನ್ನು ಕ್ರೋಮ್ ಬಳಸುವವರಲ್ಲಿ ಶೇಕಡಾ 70ರಷ್ಟು ಸಲ ದಾಟಿ ಹೋಗಲಾಗಿತ್ತು, ಫೈರ್‌ಫಾಕ್ಸ್‌ನಲ್ಲಿ ಶೇಕಡಾ 33ರಷ್ಟು ಸಲ ಮಾತ್ರ. ಎರಡರಲ್ಲೂ ಎಚ್ಚರಿಕೆ ತೋರಿಸುವ ರೀತಿ ಬೇರೆ ಬೇರೆಯಾಗಿತ್ತು. ಇದು ವಂಚಕರ ತಾಣ, ಇಲ್ಲಿ ವೈರಸ್ ಇದೆ ಎಂದು ಸ್ಪಷ್ಟವಾಗಿ ಹೇಳಿದ ಎಚ್ಚರಿಕೆಗಳನ್ನಂತೂ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಸಲ ಜನ ಪಾಲಿಸಿದ್ದರು. ಅಂದರೆ ನೇರವಾಗಿ, ಅಪರೂಪಕ್ಕೆ, ಕಾರಣವಿದ್ದಾಗ ಹೇಳಿದರೆ ಜನ ಕೇಳುತ್ತಾರೆ.

ಇದು ಸಾಮಾನ್ಯರ ಮನೆಗೆ ಸೀಮಿತವಾದ ದೌರ್ಬಲ್ಯವೂ ಅಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ 'ಡೀಪ್‌ವಾಟರ್ ಹೊರೈಜನ್' ಎಂಬ ತೈಲ ಬಾವಿ ಕೊರೆಯುವ ನೌಕೆ ಸ್ಫೋಟಗೊಂಡು 11 ಮಂದಿ ಸತ್ತರು. ಅನಿಲ ಸೋರಿದಾಗ ತಾನಾಗಿ ಮೊಳಗಬೇಕಾಗಿದ್ದ ಸಾಮಾನ್ಯ ಅಪಾಯ ಗಂಟೆಯನ್ನು ತಡೆಹಿಡಿಯಲಾಗಿತ್ತು ಎಂದು ಅಲ್ಲಿನ ತಂತ್ರಜ್ಞ ಮೈಕ್ ವಿಲಿಯಮ್ಸ್ ಅದೇ ವರ್ಷ ತನಿಖೆಯಲ್ಲಿ ಸಾಕ್ಷ್ಯ ನುಡಿದರು. ಸುಳ್ಳು ಗಂಟೆಗಳು ನಡುರಾತ್ರಿ ಮೂರು ಗಂಟೆಗೆ ಜನರ ನಿದ್ದೆ ಕೆಡಿಸಬಾರದು ಎಂಬುದೇ ಅದಕ್ಕೆ ಕಾರಣವಂತೆ. ತರಬೇತಿ ಪಡೆದ ತಂತ್ರಜ್ಞರೇ ಹೀಗಿರುವಾಗ ನಮ್ಮಂತಹವರ ಪಾಡೇನು?

ಕೇಳದೆ ಹಾಕಿದ ಬೀಗ

ಹಾಗಾದರೆ ದಾರಿ ಯಾವುದು? ಜೋರಾಗಿ ಕೂಗುವುದರಿಂದ ಯಾವ ದೊಡ್ಡ ಸುಧಾರಣೆಯೂ ಬಂದಿಲ್ಲವೆಂದು ಇತಿಹಾಸ ತೋರಿಸುತ್ತದೆ. ಪ್ರಶ್ನೆಯನ್ನೇ ಇಲ್ಲವಾಗಿಸಿದಾಗ ಸುಧಾರಣೆ ಬಂದಿದೆ. ಪೆನ್ ಡ್ರೈವ್ ಹಾಕಿದ ಕೂಡಲೇ ಅದರೊಳಗಿನ ಪ್ರೋಗ್ರಾಮ್ ಓಡಿಸುವ ಆಟೋರನ್ ಸೌಲಭ್ಯವನ್ನು ವಿಂಡೋಸ್ 7ರಲ್ಲಿ ಕೈಬಿಡಲಾಯಿತು. 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ತಾಕ್ಕೂ ಅದೇ ತಿದ್ದುಪಡಿ ಬಂತು. ನಮ್ಮ ಫೋಟೋಗಳ ಪಾಲಿಗೆ ಅದು ತಡವಾಗಿ ಬಂತು, ಅಷ್ಟೇ. 1995ರಿಂದ ಕಾಡುತ್ತಿದ್ದ ಮ್ಯಾಕ್ರೋಗಳ ವಿಷಯದಲ್ಲಿ 2022ರವರೆಗೆ ಕಾಯಬೇಕಾಯಿತು. ಆ ವರ್ಷದಿಂದ, ಅಂತರ್ಜಾಲದಿಂದ ಬಂದ ಕಡತದ ಮ್ಯಾಕ್ರೋಗಳನ್ನು ಆಫೀಸ್ ತಂತ್ರಾಂಶ ತಡೆದೇ ಬಿಡುತ್ತದೆ. ಮೊದಲಿನಂತೆ ಒಂದು ಹಳದಿ ಪಟ್ಟಿ, ಅದರಲ್ಲೊಂದು ಒಪ್ಪಿಗೆಯ ಗುಂಡಿ ಇಲ್ಲ. ನಿಜವಾಗಿ ಬೇಕಾದವನು ಕಡತದ ಗುಣಲಕ್ಷಣಗಳಿಗೆ ಹೋಗಿ ತಡೆ ತೆಗೆಯಬಹುದು. ದಾರಿಯಿದೆ, ಆದರೆ ಅವಸರದ ಬೆರಳಿಗೆ ಸಿಗುವಷ್ಟು ಹತ್ತಿರದಲ್ಲಿಲ್ಲ. ರೈನ್‌ಹಿಲ್‌ನ ಎರಡನೆಯ ಕವಾಟ ಇದೇ ಅಲ್ಲವೇ?

ಇದಕ್ಕೊಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಎಲ್ಲ ಬೀಗಗಳೂ ತಯಾರಕರ ಕೈಯಲ್ಲಿದ್ದರೆ ಹಣ ಕೊಟ್ಟು ಕೊಂಡ ನಾವು ನಮ್ಮದೇ ಮನೆಯಲ್ಲಿ ಬಾಡಿಗೆದಾರರಾಗುವುದಿಲ್ಲವೇ? ಏನು ಹಾಕಬೇಕು, ಏನು ಬಿಡಬೇಕು ಎಂದು ಕಂಪೆನಿಯೇ ತೀರ್ಮಾನಿಸಿದರೆ ಅದು ರಕ್ಷಣೆಯೋ ಒಡೆತನವೋ? ಆದ್ದರಿಂದ ಆರಿಸುವ ಹಕ್ಕು ಬಳಸುವವನಿಗೆ ಇರಲೇಬೇಕು. ಆದರೆ ಆ ಹಕ್ಕನ್ನು ಬೇಸರದಿಂದ ಚಲಾಯಿಸುವಂತೆ ಆಗಬಾರದು, ತಿಳಿದು ಚಲಾಯಿಸುವಂತಿರಬೇಕು. ಜನರ ಭಾಷೆಯಲ್ಲಿ, ಜನರಿಗೆ ಅರ್ಥವಾಗುವ ಮಾತಿನಲ್ಲಿ ಎಚ್ಚರಿಕೆ ಬರೆಯುವುದು ಅದರ ಮೊದಲ ಮೆಟ್ಟಿಲು.

ಇಂದು ಈ ಪ್ರಶ್ನೆ ಮನೆಯ ಮೇಜಿನಿಂದ ಜೇಬಿಗೆ ಇಳಿದಿದೆ. ಮದುವೆಯ ಆಮಂತ್ರಣವೆಂದೋ ವಾಹನ ದಂಡದ ಚಲನ್ ಎಂದೋ ಹೇಳಿಕೊಂಡು ವಾಟ್ಸಾಪ್‌ನಲ್ಲಿ ಎಪಿಕೆ ಕಡತಗಳು ಬರುತ್ತಿವೆ. ಅಪರಿಚಿತ ಮೂಲದ ಆ್ಯಪ್ ಎಂದು ಫೋನ್ ಎಚ್ಚರಿಸುತ್ತದೆ. ಅದನ್ನು ಹೇಗೆ ದಾಟುವುದೆಂದು ವಂಚಕನೇ ಕರೆ ಮಾಡಿ ಹೇಳಿಕೊಡುವುದೂ ಉಂಟು. ಬ್ಯಾಂಕಿನ ಖಾತೆ ಬರಿದಾದ ಮೇಲೆ ನೊಂದವರನ್ನೇ ನಾವು ದೂರುತ್ತೇವೆ.

ಮನೆಗಳಲ್ಲಿ ನಾವು ಮಾಡಬಹುದಾದ ಕೆಲವು ಸಣ್ಣ ಕೆಲಸಗಳಿವೆ. ದಿನನಿತ್ಯದ ಬಳಕೆಗೆ, ವಿಶೇಷವಾಗಿ ಮಕ್ಕಳಿಗೆ, ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆ ತೆರೆದುಕೊಡಬಹುದು. ಮುಖ್ಯವಾದ ಫೋಟೋ, ಬರಹಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬಹುದು. ಎಚ್ಚರಿಕೆ ಅತಿಯಾದರೆ ಪೂರ್ತಿ ಆರಿಸುವ ಬದಲು, ಯಾವ ತಂತ್ರಾಂಶ ಪದೇ ಪದೇ ಅದಕ್ಕೆ ಕಾರಣವಾಗುತ್ತಿದೆಯೆಂದು ನೋಡಿ ಆ ತಂತ್ರಾಂಶವನ್ನೇ ಕಿತ್ತುಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎಚ್ಚರಿಕೆಯನ್ನು ಆರಿಸಿ ಎಂದು ನಮಗೆ ಯಾರು, ಏಕೆ ಹೇಳುತ್ತಿದ್ದಾರೆಂದು ಒಮ್ಮೆ ಕೇಳಿಕೊಳ್ಳಬಹುದು. ಅಂದು ನಮ್ಮ ಮನೆಗೆ ಬಂದ ಹುಡುಗ ಒಳ್ಳೆಯವನೇ. ನಮ್ಮ ಕಿರಿಕಿರಿ ತಪ್ಪಿಸಲು ಬಂದಿದ್ದ. ಇಂದು ಅದೇ ಮಾತನ್ನು ಹೇಳುತ್ತಾ ಬರುವವರೆಲ್ಲರೂ ಹಾಗಿರುವುದಿಲ್ಲ.